ಆರು ಬೈ ನಾಲ್ಕರ ಶ್ರದ್ಧಾಂಜಲಿ

ಶನಿವಾರ, 15 ನವೆಂಬರ್ 2025. ಬೆಳಿಗ್ಗೆ 10.40ಕ್ಕೆ ಹಲಸೂರು ಕೆರೆಯ ಕಡೆಯ ಠಾಣೆಗೆ ಏದುಸಿರು ಬಿಡುತ್ತ ಬಂದ ಹುಡುಗಿಯೊಬ್ಬಳು ದೂರು ದಾಖಲಿಸುವ ಬರಹಗಾರನ ಮೇಜಿನ ಮೇಲೆ ಮೊಬೈಲ್ ಇಟ್ಟಳು. ಪರದೆಯ ಮೇಲೆ ನಗುತ್ತಿರುವ ಯುವಕನ ಫೋಟೋ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’.

“ಯಾರಮ್ಮ ತೀರ್ಕೊಂಡಿದ್ದು?”

“ಯಾರೂ ಇಲ್ಲ ಸರ್. ಇನ್ನೂ ಇಲ್ಲ.”

ಬರಹಗಾರ ಪೆನ್ನಿನ ಮುಚ್ಚಳ ಮತ್ತೆ ಹಾಕಿದ. “ನೋಡಮ್ಮ, ಸತ್ರೆ ಒಂದು ಪುಸ್ತಕ ಇದೆ, ಕಾಣೆಯಾದ್ರೆ ಒಂದು ಪುಸ್ತಕ ಇದೆ. ಮುಂದೆ ಸಾಯ್ತಾನೆ ಅನ್ನೋದಕ್ಕೆ ನನ್ ಹತ್ರ ಪುಸ್ತಕ ಇಲ್ಲ.”

“ಹಾಗಾದ್ರೆ ಖಾಲಿ ಹಾಳೆ ಕೊಡಿ. ನಾನೇ ಬರಿತೀನಿ.”

ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ವೆಂಕಟಮ್ಮ ಮೊಬೈಲನ್ನೂ ಹುಡುಗಿಯನ್ನೂ ಒಟ್ಟಿಗೆ ಇನ್ಸ್‌ಪೆಕ್ಟರ್ ಭಗವಂತರಾಯರ ಕೋಣೆಗೆ ಕರೆದೊಯ್ದಳು.

ಹುಡುಗಿಯ ಹೆಸರು ಸೌಂದರ್ಯಾ. ವಯಸ್ಸು ಇಪ್ಪತ್ತೆರಡು. ಮನೆ ಜೋಗುಪಾಳ್ಯ. ಶಿವಾಜಿನಗರದ ಕರೀಂ ಎಂಬುವರ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ. ಹುಟ್ಟುಹಬ್ಬ, ಗೃಹಪ್ರವೇಶ, ಸಾವು, ಎಲ್ಲದಕ್ಕೂ ಫ್ಲೆಕ್ಸ್ ಜೋಡಿಸುವವಳು ಅವಳೇ. ಈ ದಿನ 9.52ಕ್ಕೆ ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಗೆ ಗೊತ್ತಿಲ್ಲದ ನಂಬರಿನಿಂದ ಆರ್ಡರ್ ಬಂದಿತ್ತು. ಅಳತೆ ಆರು ಬೈ ನಾಲ್ಕು ಅಡಿ. ಹೆಸರು ದತ್ತಾತ್ರೇಯ, ಉರುಫ್ ದತ್ತು. ಮರಣ: 15-11-2025. ಕೆಳಗಿನ ಸಾಲಿಗೆ ಎಂಟು ಗೆಳೆಯರ ಚಿಕ್ಕ ಫೋಟೋಗಳು. ‘ಸಂಜೆ ಐದಕ್ಕೆ ಬೇಕು.’

ಅಜ್ಜಿಯರ ಕತೆಗಳಲ್ಲಿ ಸಾವಿನ ಮುನ್ಸೂಚನೆಯನ್ನು ಗೂಬೆ ತರುತ್ತದೆ, ಇಲ್ಲವೇ ಬಾಗಿಲಿಗೆ ಬಂದ ಜೋಗಿ ತರುತ್ತಾನೆ. ಸೌಂದರ್ಯಾಳಿಗೆ ಅದು ವಾಟ್ಸ್‌ಆ್ಯಪ್‌ನ ‘ಟಿಂಗ್’ ಸದ್ದಿನ ಜೊತೆ ಬಂದಿತ್ತು.

“ದತ್ತು ನಿನಗೇನಾಗಬೇಕು?” ಭಗವಂತರಾಯ ಕೇಳಿದರು.

“ಮದುವೆ ಆಗೋನು.”

“ಕೊನೆ ಸಲ ಮಾತಾಡಿದ್ದು?”

“ಇವತ್ತು ಎಂಟೂವರೆಗೆ. ಈಗ ಫೋನ್ ಸ್ವಿಚ್ಡ್ ಆಫ್. ಮರ್ಫಿ ಟೌನ್‌ನಲ್ಲಿ ಅವನ ರೂಮಿಗೆ ಓಡಿಹೋದೆ. ಓನರ್ ಆಂಜನಮ್ಮ ಅಂತ. ಒಂಬತ್ತಕ್ಕೆ ಯಾರೋ ಕೆಳಗೆ ಹಾರ್ನ್ ಹೊಡೆದ್ರಂತೆ, ಹೊಸ ಶರ್ಟ್ ಹಾಕ್ಕೊಂಡು ಮದುವೆ ಗಂಡಿನ ಥರ ಇಳಿದು ಹೋದ ಅಂದ್ರು. ಯಾರ ಗಾಡಿ ಅಂತ ಅವ್ರು ನೋಡಿಲ್ಲ.”

“ರೂಮಲ್ಲಿ ಬೇರೆ ಯಾರಿದ್ದಾರೆ?”

“ಲಕ್ಷ್ಮಿಕಾಂತ ಅಂತ, ಅವನೂರಿನ ಫ್ರೆಂಡ್. ನಿನ್ನೆ ರಾತ್ರಿ ರೂಮಿಗೇ ಬಂದಿಲ್ವಂತೆ. ನಾನವನನ್ನ ನೋಡಿಲ್ಲ ಸರ್. ಅವನೂ ನನ್ನನ್ನ ನೋಡಿಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಇದೀನಿ ಅಂತ ದತ್ತು ಎಲ್ರಿಗೂ ಸುಳ್ಳು ಹೇಳಿದ್ದ. ನನ್ ಹೆಸರೂ ಯಾರಿಗೂ ಗೊತ್ತಾಗಬಾರ್ದು ಅಂತ.”

“ಯಾರಿಗೆ ಗೊತ್ತಾಗಬಾರದು?”

ಅವಳು ಬಾಗಿಲ ಕಡೆ ನೋಡಿದಳು. ವೆಂಕಟಮ್ಮ ಬಾಗಿಲು ಹಾಕಿದಳು.

“ಕೆಂಪರಾಜ್‌ಗೆ.”

ಭಗವಂತರಾಯರಿಗೆ ಹೆಸರು ಹೊಸದಲ್ಲ. ಕೆ.ಆರ್. ಪುರದ ರೌಡಿಶೀಟರ್. ಹಳೇ ವಾಹನ ಬಿಚ್ಚುವ ಯಾರ್ಡ್ ಇಟ್ಟುಕೊಂಡು, ಜನರನ್ನು ಹೆದರಿಸಿ ಸೈಟು ಖಾಲಿ ಮಾಡಿಸುವವನು. ಫೆಬ್ರವರಿಯಲ್ಲಿ ಅಮರಪ್ಪ ಎಂಬ ಮುದುಕ ತನ್ನ ಸೈಟು ಬಿಡಲೊಪ್ಪದೆ ಪೆಟ್ಟು ತಿಂದು ಸತ್ತಿದ್ದ. ಮೂವರು ಒಂದೇ ಬೈಕಿನಲ್ಲಿ ಬಂದಿದ್ದರೆಂದು ಓಣಿಯಲ್ಲಿ ಮಾತಿತ್ತು. ನೋಡಿದೆ ಎನ್ನುವವರು ಒಬ್ಬರೂ ಸಿಕ್ಕಿರಲಿಲ್ಲ.

“ದತ್ತು ಅಲ್ಲಿದ್ದ ಸರ್,” ಸೌಂದರ್ಯಾ ಹೇಳಿದಳು. “ಹೊಡೆದಿದ್ದು ಕೆಂಪರಾಜ್, ಇವನು ನೋಡ್ಕೊಂಡು ನಿಂತಿದ್ದ. ಆಮೇಲೆ ನಿದ್ದೆ ಬಿಟ್ಟ. ಇದನ್ನ ಹೇಳಿಬಿಟ್ಟು ಮದುವೆ ಆಗೋಣ, ಜೈಲು ಆದ್ರೆ ಕಾಯ್ತೀಯಾ ಅಂದ. ಕಾಯ್ತೀನಿ ಅಂದೆ. ಫ್ರೇಜರ್ ಟೌನ್‌ನ ಲಾಯರ್ ಶೀಬಾ ಮೇಡಂ ಎಲ್ಲಾ ರೆಡಿ ಮಾಡಿದಾರೆ. ಸೋಮವಾರ ಜಡ್ಜ್ ಮುಂದೆ ಹೇಳಿಕೆ ಕೊಡಬೇಕಿತ್ತು. ಕೋರ್ಟಿಗೆ ಅಂತ ಆ ಶರ್ಟು ನಾನೇ ಕೊಡಿಸಿದ್ದು. ನಿನ್ನೆ ಸಂಜೆ.”

ಭಗವಂತರಾಯ ಮೊಬೈಲನ್ನು ಮತ್ತೆ ಕೈಗೆತ್ತಿಕೊಂಡರು. ಫೋಟೋದಲ್ಲಿದ್ದುದು ತಿಳಿನೀಲಿ ಚೌಕಳಿ ಅಂಗಿ.

“ಇದೇನಾ?”

“ಹೂಂ ಸರ್.”

“ಹಾಗಾದರೆ ಈ ಫೋಟೋ ಇವತ್ತು ಬೆಳಿಗ್ಗೆ ತೆಗೆದದ್ದು.”

11.05ಕ್ಕೆ ಸೌಂದರ್ಯಾಳ ದೂರಿನ ಮೇಲೆ ಕೊಲೆಯ ಉದ್ದೇಶದ ಅಪಹರಣ ಎಂದು ಎಫ್‌ಐಆರ್ ದಾಖಲಾಯಿತು. ಬರಹಗಾರ ಪುಸ್ತಕ ಯಾವುದೆಂದು ಮತ್ತೆ ಕೇಳಲಿಲ್ಲ.

ಫೋಟೋವನ್ನು ದೊಡ್ಡದು ಮಾಡಿದಾಗ ದತ್ತುವಿನ ಭುಜದ ಹಿಂದೆ ಮೆಟ್ರೋ ಕಂಬ, ಅದರ ಮೇಲೆ ಸಂಖ್ಯೆ ಕಂಡಿತು. ಕಂಬವಿದ್ದದ್ದು ಹಳೇ ಮದ್ರಾಸ್ ರಸ್ತೆಯಲ್ಲಿ, ಒಂದು ನಿಂತು ತಿನ್ನುವ ಹೋಟೆಲಿನ ಎದುರು. 11.40ಕ್ಕೆ ಅಲ್ಲಿಗೆ ಹೋದ ಸಿಬ್ಬಂದಿ ಸಿಸಿಟಿವಿ ದೃಶ್ಯ ಕಳಿಸಿದರು. ದತ್ತು ಇಡ್ಲಿ ತಿನ್ನುತ್ತಿದ್ದಾನೆ. ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತ ಇನ್ನೊಬ್ಬ ಅವನನ್ನು ರಸ್ತೆಯ ಕಡೆ ತಿರುಗಿಸಿ ಫೋಟೋ ತೆಗೆಯುತ್ತಾನೆ. ಆಮೇಲೆ ಕೈ ತೊಳೆಯುವ ಜಾಗದಲ್ಲಿ ನಿಂತು ಐದು ನಿಮಿಷ ಮೊಬೈಲ್ ಒತ್ತುತ್ತಾನೆ. ಸಮಯ 9.47ರಿಂದ 9.52. ದತ್ತು ಅವನಿಗಾಗಿ ಕಾಫಿ ಹಿಡಿದುಕೊಂಡು ಕಾಯುತ್ತಾನೆ. ಮುಖ ಎಲ್ಲಿಯೂ ಸಿಗಲಿಲ್ಲ. ಇಬ್ಬರೂ ಹತ್ತಿದ ಬೈಕು ಕೆ.ಆರ್. ಪುರದ ಕಡೆ ಹೋಗಿತ್ತು.

ಆರ್ಡರ್ ಬಂದ ನಂಬರಿನ ವಿಳಾಸ ಸುಳ್ಳು. ಫೋನ್ ಆಫ್. ಆನ್ ಆದರೆ ಮಾತ್ರ ಯಾವ ಟವರಿನ ಕೆಳಗಿದೆ ಎಂದು ತಿಳಿಯುತ್ತಿತ್ತು.

11.55ಕ್ಕೆ ಭಗವಂತರಾಯ ಮಫ್ತಿಯಲ್ಲಿ, ಸೌಂದರ್ಯಾ ಮತ್ತು ವೆಂಕಟಮ್ಮನೊಡನೆ, ಶಿವಾಜಿನಗರದ ಅಂಗಡಿ ಹೊಕ್ಕರು. ಕರೀಂ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತರು.

“ಫ್ಲೆಕ್ಸ್ ಬ್ಯಾನ್ ಅಂತ ಬಂದ್ರಾ ಸಾಬ್? ಅಲ್ಲಾ ಕಸಂ, ನಾವು ಬರೀ ಬಟ್ಟೆ ಬ್ಯಾನರ್...”

“ಅದಲ್ಲ ಕರೀಂ ಭಾಯ್. ಆರ್ಡರ್ ಬಂದ ಮೇಲೆ ನೀವು ಏನು ಮಾಡ್ತೀರಿ, ಅದು ಹೇಳಿ.”

“ಪ್ರೂಫ್ ಕಳಿಸ್ತೀವಿ. ಪಾರ್ಟಿ ನೋಡಿ ಓಕೆ ಅನ್ನದೆ ಮಿಷನ್‌ಗೆ ಹಾಕಲ್ಲ. ಒಂದ್ಸಲ ಸತ್ತೋರ ಜಾಗದಲ್ಲಿ ಅಳಿಯನ ಫೋಟೋ ಬಂದು ಏನ್ ಗಲಾಟೆ ಆಯ್ತು ಗೊತ್ತಾ! ಅಳಿಯ ಖುದ್ದು ಬಂದು ನಿಂತ್ಕೊಂಡ. ನಾಳೆ ಸಂಡೆ ನಮ್ದು ರಜಾ, ಅದಕ್ಕೇ ಎಲ್ಲಾ ಇವತ್ತೇ ಬೇಕು ಅಂತಾರೆ.”

“ತಪ್ಪಿದ್ದರೆ?”

“ತಿದ್ದಿ ಕಳಿಸ್ತಾರೆ.”

ಭಗವಂತರಾಯ ಸೌಂದರ್ಯಾಳ ಕಡೆ ತಿರುಗಿದರು. “ನೀನು ಇದನ್ನ ಮಾಡಬೇಕು. ಒಂದು ತಪ್ಪು ಹಾಕಿ ಕಳಿಸಬೇಕು. ತಿದ್ದೋಕೆ ಅವನು ಫೋನ್ ಆನ್ ಮಾಡಲಿ. ಪ್ರೂಫ್ ಬಂತಾ ಅಂತ ನೋಡೋಕಾದರೂ ಮಾಡ್ತಾನೆ.”

ಅವಳು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಳು. ಆರು ಬೈ ನಾಲ್ಕರ ಆಯತವನ್ನು ತೆರೆದು, ಹಳದಿ ಅಂಚು ಹಾಕಿ, ದೀಪದ ಚಿತ್ರ ಇಟ್ಟು, ನಡುವೆ ದತ್ತುವನ್ನು ಕೂರಿಸಿದಳು. ಏಳು ಕೋಟೆಯ ಒಳಗಿನ ಗಿಳಿಯಲ್ಲಿ ರಾಕ್ಷಸ ತನ್ನ ಜೀವ ಬಚ್ಚಿಟ್ಟಿರುತ್ತಾನೆಂದು ಅಜ್ಜಿ ಹೇಳುತ್ತಿದ್ದಳು. ದತ್ತುವಿನ ಜೀವ ಈ ಕಡತದಲ್ಲಿದೆ, ಇದು ಮುಗಿಯುವವರೆಗೆ ಯಾರೂ ಅವನನ್ನು ಮುಟ್ಟಲಾರರು ಎಂದು ಅವಳ ಮನಸ್ಸು ಹೇಳುತ್ತಿತ್ತು. ಹೂವಿನ ಹಾರದ ಒಂದೊಂದು ಎಸಳನ್ನೂ ಸರಿಪಡಿಸುತ್ತ ಕುಳಿತಳು.

“ಬೇಗ,” ಎಂದರು ಭಗವಂತರಾಯ.

“ಏನು ತಪ್ಪು ಹಾಕ್ಲಿ?”

“ತಾಯಿ ಹೆಸರು. ಆರ್ಡರಿನಲ್ಲಿ ಕೊಟ್ಟಿಲ್ಲ. ನಿನಗೆ ಗೊತ್ತಾ?”

“ಅವ್ವ ಅಂತಾನೇ ಹೇಳ್ತಿದ್ದ. ಒಂದ್ಸಲ ಫೋನ್‌ನಲ್ಲಿ ಮಾತಾಡಿದೀನಿ. ಅತ್ತೆ ಅಂದೆ, ನಕ್ಕರು. ಹೆಸರು ಕೇಳಲಿಲ್ಲ.”

ಅವಳು ‘ತಾಯಿ: ಗಂಗಮ್ಮ’ ಎಂದು ಹಾಕಿ 12.20ಕ್ಕೆ ಪ್ರೂಫ್ ಕಳಿಸಿದಳು. ಒಂದೇ ಟಿಕ್. ಫ್ಯಾನು ತಿರುಗುತ್ತಿತ್ತು. 12.34ಕ್ಕೆ ಎರಡು ಟಿಕ್ ಆಯಿತು, ಕೂಡಲೇ ಉತ್ತರ ಬಂತು.

‘ತಾಯಿ ಹೆಸರು ಸುಭದ್ರಮ್ಮ. ಗಂಗಮ್ಮ ಅಲ್ರಿ. ಫೋಟೋ ಸ್ವಲ್ಪ ಬೆಳಕು ಮಾಡ್ರಿ. ಉಳಿದದ್ದು ಚಂದ ಆಗೇದ.’

ಸೌಂದರ್ಯಾ ತುಟಿಯಲ್ಲೇ ಆ ಹೆಸರನ್ನು ಹೇಳಿಕೊಂಡಳು. ತನ್ನ ಅತ್ತೆಯಾಗಬೇಕಿದ್ದವಳ ಹೆಸರನ್ನು ಅವಳಿಗೆ ತಿಳಿಸಿದವನು ಆ ನಂಬರಿನವನು.

ಭಗವಂತರಾಯರು ಸುರಪುರದ ಕಡೆಯವರು. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದರೂ ‘ಚಂದ ಆಗೇದ’ ಎನ್ನುವ ಸೀಮೆ ಯಾವುದೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಬೆಂಗಳೂರಿನ ರೌಡಿಗೆ ಮರ್ಫಿ ಟೌನಿನ ಬಾಡಿಗೆ ಹುಡುಗನ ತಾಯಿಯ ಹೆಸರು ಗೊತ್ತಿರುವುದಿಲ್ಲ. ಅವರು ಪರದೆಯ ಕೆಳಸಾಲಿನ ಎಂಟು ಮುಖಗಳನ್ನು ಒಂದೊಂದಾಗಿ ನೋಡಿದರು.

“ಕರೀಂ ಭಾಯ್, ಫ್ಲೆಕ್ಸ್ ಹಾಕಿಸೋನು ತನ್ನ ಫೋಟೋ ಬಿಡ್ತಾನಾ?”

“ಎಲ್ಲಿ ಬಿಡ್ತಾರೆ ಸಾಬ್! ಸತ್ತೋರದಕ್ಕಿಂತ ಅವರದ್ದೇ ದೊಡ್ದು ಹಾಕಿ ಅಂತಾರೆ.”

“ಇದರಲ್ಲಿ ಎಂಟು ಜನ ಗೆಳೆಯರಿದ್ದಾರೆ. ಒಂದೇ ರೂಮಲ್ಲಿ ಮಲಗೋ ಲಕ್ಷ್ಮಿಕಾಂತ ಇದ್ದಾನಾ? ಆಂಜನಮ್ಮನಿಗೆ ಕಳಿಸಿ ಕೇಳಿ.”

ಆಂಜನಮ್ಮ ವೆಂಕಟಮ್ಮನಿಗೆ ಫೋನಿನಲ್ಲಿ ಹೇಳಿದಳು: “ಇದರಲ್ಲಿ ಅವನಿಲ್ಲ ಕಣಮ್ಮ. ಇವೆರಡೂ ಜೋಡೆತ್ತು ಇದ್ದಂಗೆ, ಅವನನ್ನ ಬಿಟ್ಟು ಯಾರಮ್ಮ ಮಾಡಿದ್ದು ಇದನ್ನ?”

ಆರ್ಡರ್ ಕೊಟ್ಟವನು ಗುರುತು ಸಿಗಬಾರದೆಂದು ತನ್ನ ಮುಖವನ್ನೇ ಬಿಟ್ಟಿದ್ದ. ಅವನ ವಾಟ್ಸ್‌ಆ್ಯಪ್ ಉತ್ತರ ಬಂದ ಟವರು ಕೆ.ಆರ್. ಪುರದ ರೈಲ್ವೆ ಹಳಿಯ ಬದಿಯದು. ಕೆಂಪರಾಜನ ಯಾರ್ಡ್ ಇರುವುದೂ ಅಲ್ಲೇ. 1.50ಕ್ಕೆ ಭಗವಂತರಾಯ ನಾಲ್ವರೊಡನೆ ಒಳಗೆ ಹೋದಾಗ ಅವನು ಕಾರಿನ ಸೀಟೊಂದನ್ನು ನೆಲಕ್ಕೆ ಹಾಕಿಕೊಂಡು ಬಿರಿಯಾನಿ ತಿನ್ನುತ್ತಿದ್ದ.

“ಏನ್ ಸಾರ್, ಪರೇಡ್‌ಗೆ ಕರೆದಿದ್ರೆ ನಾನೇ ಬರ್ತಿದ್ನಲ್ಲ.”

“ದತ್ತು ಎಲ್ಲಿ?”

“ಯಾವ ದತ್ತು? ನೂರು ಹುಡುಗ್ರು ಬರ್ತಾರೆ, ಹೋಗ್ತಾರೆ.”

“ಆ ಬೀಗ ಹಾಕಿರೋ ಟೆಂಪೋ ಬಾಗಿಲು ತೆಗಿ.”

“ಬೀಗದ ಕೈ ನನ್ ಹತ್ರ ಇಲ್ಲ ಸಾರ್.”

ಬೀಗ ಒಡೆದರು. ಚಕ್ರವಿಲ್ಲದ ಟೆಂಪೋದ ಒಳಗೆ, ಟಾರ್ಪಾಲಿನ ಕೆಳಗೆ ದತ್ತು ಇದ್ದ. ಪಂಚರ ಸಮಕ್ಷಮ 2.15ರಿಂದ 3.40ರವರೆಗೆ ಪಂಚನಾಮೆ ನಡೆಯಿತು. ಕುತ್ತಿಗೆಯ ಸುತ್ತ ಹಗ್ಗದ ಗುರುತು. ಬಲಗೈ ಉಗುರಿನಲ್ಲಿ ಚರ್ಮದ ಚೂರು. ಮೈಮೇಲೆ ತಿಳಿನೀಲಿ ಚೌಕಳಿ ಅಂಗಿ, ಹೊಸದು, ಕಾಲರಿನ ಒಳಗಿನ ಪ್ಲಾಸ್ಟಿಕ್ ಪಟ್ಟಿ ತೆಗೆದಿಲ್ಲ. ಸತ್ತು ಮೂರು ಗಂಟೆಯ ಮೇಲಾಗಿದೆ ಎಂದು ವೈದ್ಯರು ಸ್ಥಳದಲ್ಲೇ ಅಂದಾಜು ಹೇಳಿದರು. ಅಂದರೆ ಸುಮಾರು ಹತ್ತೂವರೆ, ಹನ್ನೊಂದು. ಹುಡುಗಿ ಖಾಲಿ ಹಾಳೆ ಕೇಳುತ್ತಿದ್ದ ಹೊತ್ತು.

ಕೆಂಪರಾಜನನ್ನು ಅಲ್ಲೇ ದಸ್ತಗಿರಿ ಮಾಡಿ ಫೋನ್ ಕಿತ್ತುಕೊಂಡರು. ಅವನ ಕೈಮೇಲೆ ಪರಚಿದ ಗಾಯವಿರಲಿಲ್ಲ. ಹಗ್ಗ ಎಳೆದವನು ಬೇರೆ. ಲಕ್ಷ್ಮಿಕಾಂತನ ಸ್ವಂತ ಫೋನೂ ಆಫ್ ಆಗಿತ್ತು. ಅವನು ಬರುತ್ತೇನೆಂದು ಹೇಳಿದ ಜಾಗ ಇಡೀ ಊರಿನಲ್ಲಿ ಒಂದೇ ಇತ್ತು, ಐದು ಗಂಟೆಗೆ.

ಭಗವಂತರಾಯ ವೆಂಕಟಮ್ಮನಿಗೆ ಫೋನ್ ಮಾಡಿದರು. “ಸಿಕ್ಕಿದ. ಜೀವ ಇಲ್ಲ. ಹುಡುಗಿಗೆ ಈಗಲೇ ಹೇಳಬೇಡ. ಕೌಂಟರಿನಲ್ಲಿ ಅವಳೇ ಇರಬೇಕು, ಮಾಮೂಲಿನಂತೆ.”

“ಸರ್, ಅದು ಹೇಗೆ...”

“ಅವಳು ಅತ್ತರೆ ಅವನು ಬಾಗಿಲಿಂದಲೇ ತಿರುಗಿ ಹೋಗ್ತಾನೆ ವೆಂಕಟಮ್ಮ.”

ವೆಂಕಟಮ್ಮ ಸೀರೆಯುಟ್ಟು ಗಿರಾಕಿಯಂತೆ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದ ಹೋಟೆಲಿನಿಂದ ಚಹಾ ತರಿಸಿದಳು. ಬನ್ ತರಿಸಿದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಂದು ತುತ್ತು ತಿನ್ನು ಎಂದಳು. ಸೌಂದರ್ಯಾ ಬನ್ನನ್ನು ಪಕ್ಕಕ್ಕೆ ಸರಿಸಿದಳು.

“ಬೆಳಿಗ್ಗೆ ಸ್ಟೇಷನ್‌ನಲ್ಲಿ ನೀವು ನನ್ನ ನೀರು ಬೇಕಾ ಅಂತಾನೂ ಕೇಳಲಿಲ್ಲ ಮೇಡಂ.”

ವೆಂಕಟಮ್ಮ ಅವಳ ಭುಜದ ಮೇಲೆ ಕೈಯಿಡಲು ಎದ್ದಳು.

“ಬೇಡ, ಹೇಳ್ಬೇಡಿ. ಹೇಳಿದ್ರೆ ನನಗೆ ಆಗಲ್ಲ. ಅವನು ಬಂದು ಹೋಗ್ಲಿ.”

ಅವಳು ಎದ್ದು ಹೋಗಿ ಫೋಟೋಕ್ಕೆ ಇನ್ನಷ್ಟು ಬೆಳಕು ಕೊಟ್ಟು, ಕಡತವನ್ನು ಮಿಷನ್ನಿಗೆ ಹಾಕಿದಳು. ಮಿಷನ್ ಅತ್ತಿಂದಿತ್ತ ಓಡುತ್ತ ಮೊದಲು ದತ್ತುವಿನ ಕೂದಲು, ಆಮೇಲೆ ಹಣೆ, ಆಮೇಲೆ ಕಣ್ಣು ಹೊರಗೆ ಬಿಡುವುದನ್ನು ನಿಂತು ನೋಡಿದಳು.

5.10. ಬಾಗಿಲಲ್ಲಿ ತೆಳ್ಳಗಿನ ಯುವಕ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಇಳಿಸಿ ಗುಂಡಿ ಹಾಕಿದ್ದ. ಬೆನ್ನಿಗೆ ಬ್ಯಾಗು.

“ಶ್ರದ್ಧಾಂಜಲಿದು ಆರ್ಡರ್ ಇತ್ರಿ.”

“ಆಗಿದೆ. ನೋಡಿ ತಗೊಳ್ಳಿ ಸರ್.”

ಸೌಂದರ್ಯಾ ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಅವನು ಬಗ್ಗಿ ನೋಡಿದ. ದತ್ತುವಿನ ಕೆನ್ನೆಯ ಮೇಲೆ ಅಂಟಿದ್ದ ಧೂಳಿನ ಎಳೆಯೊಂದನ್ನು ಬೆರಳಿಂದ ತೆಗೆದ.

“ಹೆಂಗ್ ಕಟ್ಟೋದ್ರಿ ಇದನ್ನ? ಮರ್ಫಿ ಟೌನ್‌ನಾಗ ಕಂಬ ಐತಿ.”

“ನಾಲ್ಕು ಮೂಲೇಲೂ ತೂತಿದೆ. ದಾರ ಹಾಕಿ.” ಸ್ವಲ್ಪ ತಡೆದು ಕೇಳಿದಳು, “ಅವರು ನಿಮಗೆ ಏನಾಗ್ಬೇಕು?”

“ಗೆಳ್ಯಾ.”

“ಎಷ್ಟು ಹೊತ್ತಿಗೆ ತೀರ್ಕೊಂಡ್ರು?”

ಅವನು ತಲೆ ಎತ್ತಿ ಅವಳ ಮುಖ ನೋಡಿದ. ಆಗ ಅವನಿಗೆ ಏನೋ ಹೊಳೆದಿರಬೇಕು. ಬಾಗಿಲ ಕಡೆ ತಿರುಗುವಷ್ಟರಲ್ಲಿ ವೆಂಕಟಮ್ಮನ ಕೈ ಅವನ ಮಣಿಕಟ್ಟಿನ ಮೇಲಿತ್ತು. ತೋಳು ಮೇಲೆ ಸರಿಸಿದಾಗ ಮೊಣಕೈವರೆಗೂ ಉದ್ದಕ್ಕೆ ಮೂರು ಗೀರು.

ದಸ್ತಗಿರಿ ಪತ್ರ ತುಂಬುವಾಗ ಬರಹಗಾರ ಕ್ರಮದಂತೆ ಕೇಳಿದ: “ದಸ್ತಗಿರಿ ವಿಷಯ ಯಾರಿಗೆ ತಿಳಿಸಬೇಕು? ಸಂಬಂಧಿಕರು, ಇಲ್ಲ ಸ್ನೇಹಿತರು?” ಲಕ್ಷ್ಮಿಕಾಂತ ಬಾಯಿ ತೆರೆದ, ಮುಚ್ಚಿದ. ಆಮೇಲೆ ಊರಿನ ಅಣ್ಣನ ನಂಬರು ಹೇಳಿದ.

ಅದೇ ಹೊತ್ತಿಗೆ ಶವಾಗಾರದ ಹೊರಗೆ ಸೌಂದರ್ಯಾಳ ಜೊತೆ ನಿಂತಿದ್ದ ವಕೀಲೆ ಶೀಬಾ, ಭಗವಂತರಾಯರ ಕೈಗೆ ಟೈಪು ಮಾಡಿದ ನಾಲ್ಕು ಹಾಳೆ ಕೊಟ್ಟರು. ದತ್ತು ಸೋಮವಾರ ಹೇಳಬೇಕಿದ್ದ ಮಾತುಗಳು.

“ಇದರಲ್ಲಿ ಒಂದು ವಾಕ್ಯ ಸುಳ್ಳು ಅಂತ ನನಗೆ ಗೊತ್ತಿತ್ತು ಸರ್. ತೆಗಿಯಪ್ಪಾ, ಜಡ್ಜ್ ಮುಂದೆ ಹೇಳೋದು ಅಂದೆ. ಟೈಪ್ ಮಾಡಿದ್ದು ಇವಳೇ, ಇವಳೂ ಜಗಳ ಆಡಿದಳು. ಅದೊಂದನ್ನ ಮಾತ್ರ ಅವನು ತೆಗೆಯೋಕೆ ಬಿಡಲಿಲ್ಲ.”

ಸಂಜೆ 7.30. ಭಗವಂತರಾಯ ಲಕ್ಷ್ಮಿಕಾಂತನ ಎದುರು ಕುಳಿತರು. ಠಾಣೆಯಲ್ಲಿ ಎಂದೂ ಆಡದ ಊರ ಮಾತನ್ನು ಆ ದಿನ ಆಡಿದರು.

“ಎಷ್ಟು ವರ್ಷದ ಗೆಳೆತನ?”

“ಸಾಲ್ಯಾಗ ಒಂದನೇತ್ತದಿಂದ್ರಿ.”

“ಹಗ್ಗ ಎಳದಾಂವ ಯಾ‌ರು?”

“ನಾನರಿ. ಕೆಂಪಣ್ಣ ಕಾಲ್ ಹಿಡಿದಿದ್ದ. ಸಂಜೀಕ ಹಳಿ ಮ್ಯಾಲ ಹಾಕೋದು, ರೈಲಿಗೆ ಬಿದ್ದ ಅಂತ ಆಗತೈತಿ ಅಂದಿದ್ದ. ನನಗ ರಾತ್ರಿ ಗಾಡಿಗೆ ಹೈದರಾಬಾದಿಗೆ ಹೋಗಂದ.”

“ಫ್ಲೆಕ್ಸ್ ಯಾಕ ಮಾಡಿಸಿದಿ? ಅದೂ ಕೊಲ್ಲೂಕ ಮೊದಲ?”

“ಐತವಾರ ಅಂಗಡಿ ಬಂದ್ ಇರ್ತಾವ್ರಿ. ನಾ ಹ್ವಾದ ಮ್ಯಾಲ ಮಾಡ್ಸೋರು ಯಾರ್ರಿ?” ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. “ಹ್ವಾದ ವರ್ಷ ನಮ್ಮೂರ ಹುಡುಗೊಬ್ಬ ಬಿಲ್ಡಿಂಗ್ ಮ್ಯಾಲಿಂದ ಬಿದ್ದು ಸತ್ತ. ಆಂಬುಲೆನ್ಸ್‌ನಾಗ ಹಾಕಿ ಊರಿಗೆ ಕಳಿಸಿದ್ರು. ಓಣ್ಯಾಗ ಒಬ್ರಿಗೂ ಗೊತ್ತಾಗ್ಲಿಲ್ಲ. ದತ್ತು ಭಾಳ ಅತ್ತ. ಈ ಊರಾಗ ನಾಯಿ ಸತ್ರೂ ಫ್ಲೆಕ್ಸ್ ಹಾಕ್ತಾರ, ನಾವ್ ಸತ್ರ ಇಲ್ಲ ನೋಡ್ಲೇ ಲಕ್ಷ್ಯಾ ಅಂದ. ನಂಬರ್ ನಮ್ಮ ಓಣ್ಯಾಗಿನ ಫ್ಲೆಕ್ಸ್ ಮೂಲ್ಯಾಗ ಬರ್ದಿತ್ರಿ, ಅಲ್ಲಿಂದ ತಗೊಂಡೆ. ಆ ಹುಡುಗಿ ಅಲ್ಲೇ ಇರ್ತಾಳ ಅಂತ ನನಗ ಹೇಳಿದ್ದಿಲ್ಲ ಅಂವ.”

“ಇಷ್ಟು ಮಾಡೋ ಗೆಳೆಯನ್ನ ಯಾಕ ಕೊಂದಿ?”

ಲಕ್ಷ್ಮಿಕಾಂತ ಅಂಗಿಯ ತೋಳನ್ನು ಗೀರುಗಳ ಮೇಲೆ ಎಳೆದುಕೊಂಡ.

“ಬೇಸ್ತವಾರ ಅಂದ, ‘ನೀ ಸೋಮವಾರದೊಳಗ ಊರಿಗೆ ಹೋಗಿಬಿಡು. ಯಾಕ ಅಂತ ಕೇಳಬ್ಯಾಡ.’ ಕೋರ್ಟಿಗೆ ಹೊಂಟಾನ ಅಂತ ತಿಳೀತು. ಅಮರಪ್ಪನ ದಿನ ಬೈಕ್ ಓಡಿಸಿದಾಂವ ನಾನರಿ. ನನ್ನ ಹೆಸರು ಬರಿಸ್ಯಾನ, ಅದಕ್ಕ ಓಡಿಹೋಗು ಅಂತಾನ ಅಂದ್ಕೊಂಡೆ. ಅಂವಗ ಮದುವಿ, ನನಗ ಜೈಲು. ಹೆದರಿಕಿ ಆತು. ಕೆಂಪಣ್ಣಗ ಹೇಳಿದೆ. ಹೌದಲೇ, ಮೊದಲ್ನೇ ಹೆಸರು ನಿಂದೇ ಇರ್ತೈತಿ, ನೀನೇ ಮುಗಿಸು ಅಂದ.”

“ದತ್ತುಗ ಕೇಳಿದ್ಯಾ, ಬರಿಸಿಯೋ ಇಲ್ಲೋ ಅಂತ?”

“ಇಲ್ರಿ.”

“ಇಡ್ಲಿ ತಿನ್ನೋ ಮುಂದ?”

“ಇಲ್ರಿ.”

ಭಗವಂತರಾಯ ಮೂರನೆಯ ಹಾಳೆಯನ್ನು ಅವನ ಮುಂದೆ ಸರಿಸಿ, ನಡುವಿನ ಒಂದು ಸಾಲಿನ ಮೇಲೆ ಪೆನ್ನು ಇಟ್ಟರು. ಲಕ್ಷ್ಮಿಕಾಂತ ಅಕ್ಷರದ ಕೆಳಗೆ ಬೆರಳಿಟ್ಟು, ಶಾಲೆಯ ಹುಡುಗನಂತೆ ತಡೆದು ತಡೆದು ಓದಿದ.

‘ಬೈಕ್ ಓಡಿಸುತ್ತಿದ್ದವನು ಹೆಲ್ಮೆಟ್ ಧರಿಸಿದ್ದನು. ಅವನು ಯಾರೆಂದು ನನಗೆ ಗೊತ್ತಿಲ್ಲ.’

ಮತ್ತೆ ಮೊದಲಿನಿಂದ ಓದಿದ. ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ನೋಡಿದ. ಹಿಂದೆ ಏನೂ ಇರಲಿಲ್ಲ.

“ಸಾಹೇಬ್ರ,” ಎಂದ. “ನಾ ಆವತ್ತ ಹೆಲ್ಮೆಟ್ ಹಾಕಿದ್ದಿಲ್ರಿ.”

ಬರಹಗಾರ ತಲೆ ಎತ್ತಿ ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ಹೂಂ ಎಂದರು. ಆರೋಪಿಯ ಸ್ವ-ಇಚ್ಛಾ ಹೇಳಿಕೆಯಲ್ಲಿ ಅದೂ ದಾಖಲಾಯಿತು. ಸಮಯ 8.25.